ಪದಚರ್ಚೆ: ‘ಮಾದರಿ ರೈಲು’ ಎನ್ನಬಹುದೇ? (ಫಲಕಕ್ಕೆ, ಇಂದು ಸಂಜೆಯೊಳಗೆ)

ಪುಣೆಯಿಂದ:

ಮಾನ್ಯರೇ,

ನಮ್ಮ ಕನ್ನಡ ಬಳಗದ ಹಿರಿಯರೊಬ್ಬರು ವರ್ಷಗಳಿಂದ ಕೂಡಿಸಿಟ್ಟ ಪುಟ್ಟ ರೈಲುಗಳ ಪ್ರದರ್ಶನ ಈ ಭಾನುವಾರವಿದ್ದು, ಫಲಕ ಬರೆಯುವವನು ಸಂಜೆ ಬರುತ್ತಾನೆ. ಇವು 1:87ರ ಪ್ರಮಾಣದವು, ಎಂದರೆ ನಿಜವಾದ ಗಾಡಿಯ ಪ್ರತಿ ಅಳತೆಯನ್ನೂ ಎಂಬತ್ತೇಳರಲ್ಲಿ ಒಂದು ಪಾಲಿಗೆ ಇಳಿಸಿದವು. ಹಳಿಗಳ ನಡುವಿನ ಅಂತರ 16.5 ಮಿ.ಮೀ. ಪ್ಲಾಟ್‌ಫಾರ್ಮಿನ ಮೇಲೆ ನಿಂತ ಹಮಾಲ ಎರಡು ಸೆಂಟಿಮೀಟರೂ ಇಲ್ಲ. ಆದರೂ ಅವನ ಕೆಂಪಂಗಿಯ ತೋಳಿಗೆ ಹಿತ್ತಾಳೆಯ ಬಿಲ್ಲೆಯೆಂದು ಸೂಜಿಮೊನೆಯಿಂದ ಒಂದು ಹಳದಿ ಚುಕ್ಕೆ ಇಟ್ಟಿದ್ದಾರೆ. ಗಾಡಿ ಬರುವಾಗ ಈ ಹಿರಿಯರು ಮೇಜಿನ ಅಂಚಿಗೆ ಗಲ್ಲವೂರಿ, ಆ ಹಮಾಲನ ಎತ್ತರದಿಂದಲೇ ಅದನ್ನು ನೋಡುತ್ತಾರೆ. ‘ಆಟಿಕೆ ರೈಲು’ ಎಂದರೆ ಅವರಿಗೆ ಸಿಟ್ಟು. ‘ಪುಟಾಣಿ ರೈಲು’ ಎಂದರೆ ಇಲ್ಲಿಯವರಿಗೆ ಮಕ್ಕಳು ಕೂತು ಸುತ್ತುವ ಪೇಶ್ವೆ ಪಾರ್ಕಿನ ಫುಲರಾಣಿ ನೆನಪಾಗುತ್ತದೆ. ‘ಮಾದರಿ ರೈಲು, ಕೈಬಣ್ಣದ ಬೊಂಬೆಗಳು’ ಎಂದು ಬರೆಸಲೇ?

ಮಾಟುಂಗಾದಿಂದ:

ಬರೆಸಬೇಡಿ. ಮಾದರಿ ಶಾಲೆ, ಮಾದರಿ ಗ್ರಾಮ ಎನ್ನುವ ಕನ್ನಡದಲ್ಲಿ ‘ಮಾದರಿ ರೈಲು’ ಎಂದರೆ ಹೊತ್ತಿಗೆ ಸರಿಯಾಗಿ ಬರುವ ರೈಲು. ಮುಂಬಯಿಯಲ್ಲಿ ಅಂಥದ್ದನ್ನು ನಾನು ಕಂಡಿಲ್ಲ. ‘ಕೈಬಣ್ಣ’ ಎಂದರೆ ಕೈಯ ಬಣ್ಣ. ಇನ್ನು ಯಾರಾದರೂ ‘ಕಿರುಪ್ರತಿಕೃತಿ’ ಎನ್ನುವ ಮೊದಲೇ ಹೇಳಿಬಿಡುತ್ತೇನೆ, ಅದು ಕನ್ನಡಕ್ಕೆ ಸಂಸ್ಕೃತ ಬೆರೆಸಿದ ಅರಿಸಮಾಸ. ಗೊಂಬೆಯೋ ಬೊಂಬೆಯೋ ಎಂಬುದು ನಿಮ್ಮ ಇಷ್ಟ. ಆದರೆ ಅದನ್ನು ಸಂಸ್ಕೃತದ ‘ಬಿಂಬ’ಕ್ಕೆ ದಯವಿಟ್ಟು ಗಂಟು ಹಾಕಬೇಡಿ. ತೆಲುಗಿನ ‘ಬೊಮ್ಮ’, ತಮಿಳಿನ ‘ಬೊಮ್ಮೈ’ ಎರಡೂ ಪಕ್ಕದಲ್ಲೇ ಇರುವಾಗ ಉತ್ತರಕ್ಕೆ ಹೋಗುವ ಅಗತ್ಯವೇನು?

ಮಡಗಾಂವಿನಿಂದ:

ಬಿಂಬದ ಮಾತನ್ನು ಇಲ್ಲಿ ಯಾರೂ ಎತ್ತಿರಲಿಲ್ಲ. ನನ್ನ ತಕರಾರು ‘ರೈಲು’ ಎಂಬುದಕ್ಕೇ. ಮರಾಠಿಯವರಿಗೆ ‘ಆಗಗಾಡಿ’ ಇದೆ, ನಮಗೆ ‘ಉಗಿಬಂಡಿ’ ಇತ್ತು. ಅದನ್ನು ಕೈಬಿಟ್ಟವರು ಯಾರು?

ಮಾಟುಂಗಾದಿಂದ:

ಹನ್ನೆರಡು ವೋಲ್ಟಿನ ವಿದ್ಯುತ್ತಿನಲ್ಲಿ ಓಡುವ ಗಾಡಿಗೆ ಎಲ್ಲಿಯ ಉಗಿ? ಉಕಾರ ಹಚ್ಚಿಕೊಂಡು ‘ರೈಲಿಗೆ’, ‘ರೈಲಿನಲ್ಲಿ’ ಎಂದು ನಮ್ಮ ವಿಭಕ್ತಿಗಳಿಗೆಲ್ಲ ಒಗ್ಗಿದ ಪದ ಕನ್ನಡದ್ದೇ. ‘ಕಿರುರೈಲು’ ಎನ್ನಿ, ಮುಗಿಯಿತು.

ಮಡಗಾಂವಿನಿಂದ:

ಕಿರುರೈಲು ಎಂದರೆ ಮೂರೇ ಡಬ್ಬಿಯ ಗಾಡಿಯೂ ಆಗಬಹುದು. 1907ರಲ್ಲಿ ಆರಂಭವಾದ ಮಾಥೇರಾನಿನ ಎರಡಡಿ ಹಳಿಯ ಗಾಡಿಯನ್ನೂ ಜನ ‘ಟಾಯ್ ಟ್ರೇನ್’ ಎನ್ನುತ್ತಾರಲ್ಲ, ಅದು ಕಿರುರೈಲಲ್ಲವೇ? ಅದರಲ್ಲಿ ಮನುಷ್ಯರು ಕೂರುತ್ತಾರೆ. ನಿಮ್ಮ ಹಿರಿಯರದ್ದು ಪ್ರಮಾಣಕ್ಕೆ ತಕ್ಕಂತೆ ಇಳಿಸಿದ್ದು. ಪದದಲ್ಲಿ ಬರಬೇಕಾದದ್ದು ಆ ಅಳತೆ, ಬರಿಯ ಚಿಕ್ಕತನವಲ್ಲ.

ಪುಣೆಯಿಂದ:

ಮಾನ್ಯರಿಬ್ಬರಿಗೂ ವಂದನೆಗಳು. ಫಲಕದವನು ಬಂದು ಕೂತಿದ್ದ, ಹಲಗೆಯ ಅಗಲ ನಾಲ್ಕೇ ಅಡಿ. ಅಳತೆಯ ಮಾತು ನನಗೆ ಒಪ್ಪಿಗೆಯಾದ್ದರಿಂದ ‘ಅಳತೆಗಿಳಿಸಿದ ಪುಟ್ಟ ರೈಲುಗಳು, ಕೈಯಾರೆ ಬಣ್ಣ ಬಳಿದ ಗೊಂಬೆಗಳು’ ಎಂದು ಎರಡು ಸಾಲಿನಲ್ಲಿ ಬರೆಸಿದ್ದೇನೆ. ಹಿರಿಯರು ಕನ್ನಡಕ ಹಾಕಿಕೊಂಡು ಓದಿ, ‘ಪುಟ್ಟ’ ಎಂಬುದನ್ನು ಅಳಿಸಲು ಹೇಳಿದರು.