ಹೊಸ ವಿಂಡೋಸ್ ಬಂದರೆ ಒಳಗೆ ಏನಾದರೂ ಸುಧಾರಿಸುತ್ತಾ?

ಕಲಬುರಗಿ_ಡಿಟಿಪಿ:
ಸೂಪರ್ ಮಾರ್ಕೆಟ್ ಕಡೆ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಅರ್ಜಿ, ಜೆರಾಕ್ಸ್, ಇಷ್ಟೇ ಕೆಲಸ. ನಾಲ್ಕನೇ ಜನರೇಷನ್ ಐ3, 4 ಜಿಬಿ ರ‍್ಯಾಮ್, ವಿಂಡೋಸ್ 10. ಸಪೋರ್ಟ್ ಮುಗಿದಿದೆ ಅಂತ ಅದೇ ಹೇಳುತ್ತದೆ, 11 ಹಾಕೋಣ ಅಂದರೆ ಈ ಮಷೀನಿಗೆ ಬರಲ್ಲ ಅಂತಾನೂ ಅದೇ ಹೇಳುತ್ತದೆ. ಎಕ್ಸ್‌ಪಿ ಕಾಲದಿಂದ ನೋಡುತ್ತಾ ಬಂದಿದ್ದೇನೆ ರೀ. 8ರಲ್ಲಿ ಸ್ಟಾರ್ಟ್ ಬಟನ್ನೇ ತೆಗೆದರು, ಆಮೇಲೆ ವಾಪಸ್ ಕೊಟ್ಟರು, 11ರಲ್ಲಿ ನಡುಮಧ್ಯೆ ತಂದು ಕೂರಿಸಿದರು. ಇದನ್ನು ಬಿಟ್ಟು ನಿಜವಾಗಿ ಏನಾದರೂ ಸುಧಾರಿಸುತ್ತಾ, ಇಲ್ಲ ಸುಮ್ನೆ ಹೊಸ ಮಷೀನ್ ಮಾರುವ ಉಪಾಯನಾ?

ಬೀದರ್_ಹಳಬ:
ನೀವು ಎಕ್ಸ್‌ಪಿಯಿಂದ ಶುರು ಮಾಡಿದ್ದೀರಿ, ಅದಕ್ಕೇ ಹೀಗೆ ಕೇಳುತ್ತೀರಿ. ನಾವು ವಿಂಡೋಸ್ 98 ಮೇಲೆ ಕೆಲಸ ಮಾಡಿದವರು. ಬೇಸಿಗೆಯಲ್ಲಿ ಕರೆಂಟ್ ಹೋಯಿತು ಅಂದರೆ ಮತ್ತೆ ಆನ್ ಮಾಡಿದಾಗ ಡಿಸ್ಕ್ ಪರೀಕ್ಷಿಸುವ ಆ ನೀಲಿ ಸ್ಕ್ಯಾನ್‌ಡಿಸ್ಕ್ ಪರದೆ ಬರುತ್ತಿತ್ತು, ಅದು ಮುಗಿಯುವ ತನಕ ಗಿರಾಕಿಯೂ ನಾವೂ ಮುಖ ಮುಖ ನೋಡಿಕೊಂಡು ಕೂರಬೇಕು. ಒಂದು ಪ್ರೋಗ್ರಾಂ ಕೆಟ್ಟರೆ ಇಡೀ ಸಿಸ್ಟಂ ಹ್ಯಾಂಗ್. 2001ರ ಎಕ್ಸ್‌ಪಿಯಲ್ಲಿ ಆಫೀಸುಗಳಿಗೆ ಅಂತ ಇದ್ದ ವಿಂಡೋಸ್ ಎನ್‌ಟಿ ಸಾಲಿನ ಬುನಾದಿಯೇ ಮನೆ ಕಂಪ್ಯೂಟರಿಗೂ ಬಂತು. ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ಅದರ ಎನ್‌ಟಿಎಫ್‌ಎಸ್ ಪದ್ಧತಿ ಬದಲಾವಣೆಗಳನ್ನು ಮೊದಲು ಒಂದು ಲಾಗ್‌ನಲ್ಲಿ ಬರೆದಿಟ್ಟುಕೊಳ್ಳುತ್ತದೆ, ಹಾಗಾಗಿ ಕರೆಂಟ್ ಹೋದರೂ ಫೈಲ್ ಸಿಸ್ಟಂ ಪೂರ್ತಿ ಹಾಳಾಗುವುದು ಕಡಿಮೆಯಾಯಿತು. ಟೈಪ್ ಮಾಡಿ ಸೇವ್ ಮಾಡದ ಪುಟ ಮಾತ್ರ ಹೋಗೇ ಹೋಗುತ್ತದೆ, ಯುಪಿಎಸ್ ಇಟ್ಟುಕೊಳ್ಳಿ. ನನ್ನ ಲೆಕ್ಕದಲ್ಲಿ ಅಷ್ಟು ದೊಡ್ಡ ಜಿಗಿತ ಆಮೇಲೆ ಆಗಿಲ್ಲ.

ಒತ್ತಕ್ಷರ:
ನಮ್ಮ ಭಾಷೆ ಮರೆತಿರಲ್ಲ ಅಣ್ಣಾ. ಎಕ್ಸ್‌ಪಿಯಲ್ಲಿ ಕನ್ನಡ ಇತ್ತು, ತುಂಗಾ ಫಾಂಟೂ ಇತ್ತು, ಆದರೆ ಕಂಟ್ರೋಲ್ ಪ್ಯಾನೆಲ್‌ನ ಭಾಷೆ ಸೆಟ್ಟಿಂಗ್‌ಗೆ ಹೋಗಿ ಟಿಕ್ ಹಾಕಿ ಸೀಡಿ ತುರುಕದಿದ್ದರೆ ಕನ್ನಡ ಪುಟದಲ್ಲಿ ಬರೀ ಚೌಕಗಳು. ಅಂಗಡಿಯವರ ಹತ್ತಿರ ಆ ಸೀಡಿ ಎಲ್ಲಿರುತ್ತಿತ್ತು ಹೇಳಿ! ವಿಸ್ಟಾದಿಂದ ಆ ರಗಳೆ ತಪ್ಪಿತು. ವಿಸ್ಟಾ ಅಂದರೆ ಎಲ್ಲರೂ ಬೈಯುತ್ತಾರೆ, ನಾನು ಬೈಯಲ್ಲ. 8ರಲ್ಲಿ ನಿರ್ಮಲಾ ಯುಐ ಫಾಂಟ್ ಬಂತು. ವಿಂಡೋಸ್ 10ರ 2019ರ ಮೇ ಅಪ್‌ಡೇಟ್‌ನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಫೊನೆಟಿಕ್ ಕೀಬೋರ್ಡ್ ಸೇರಿತು. ಇಷ್ಟಾದರೂ ನಮ್ಮ ಕಡೆ ಇನ್ನೂ, ಆ ಫಾಂಟ್ ಇಲ್ಲದ ಕಡೆ ಓದಲು ಬಾರದ ಹಳೆ ನುಡಿ ಫಾಂಟಿನಲ್ಲಿ ಟೈಪ್ ಮಾಡಿ, ವೆಬ್‌ಸೈಟಿನಲ್ಲಿ ಪೇಸ್ಟ್ ಮಾಡಿ, ಅಕ್ಷರ ಎಲ್ಲಾ ಕೆಟ್ಟುಹೋಯಿತು ಅಂತ ತಲೆ ಕೆರೆದುಕೊಳ್ಳುವವರು ಇದ್ದಾರೆ. ಅದಕ್ಕೆ ವಿಂಡೋಸ್ ಏನು ಮಾಡುತ್ತದೆ?

ಯಾದಗಿರಿ_ಲ್ಯಾಬ್:
ಡಿಟಿಪಿ ಅಂಗಡಿ ಅಂದರೆ ಊರಿನವರ ಪೆನ್‌ಡ್ರೈವ್ ಎಲ್ಲಾ ನಿಮ್ಮ ಮಷೀನಿಗೇ ಬರುತ್ತದೆ ಅಲ್ವಾ? ಎಕ್ಸ್‌ಪಿಯಲ್ಲಿ ಪೆನ್‌ಡ್ರೈವ್ ಐಕಾನ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಸಾಕು, ಆಟೋರನ್‌ನಿಂದ ವೈರಸ್ ತಾನೇ ಓಡುತ್ತಿತ್ತು. 7ರಿಂದ ಪೆನ್‌ಡ್ರೈವ್‌ಗೆ ಅದನ್ನು ನಿಲ್ಲಿಸಿದರು. 8ರಿಂದ ಆಂಟಿವೈರಸ್ ಜೊತೆಯಲ್ಲೇ ಬರುತ್ತದೆ. ಹೀಗೆ ಕಣ್ಣಿಗೆ ಕಾಣದ ಕಡೆಯೇ ಜಾಸ್ತಿ ಸುಧಾರಿಸಿದೆ, ಕಾಣುವ ಕಡೆ ಬರೀ ಜಾಗ ಬದಲಾವಣೆ. ಸಪೋರ್ಟ್ ವಿಷಯ ಹಗುರ ಮಾಡಬೇಡಿ. ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ವೈರಸ್ ದಾಳಿ ಆಗಿದ್ದು 2017ರ ಮೇನಲ್ಲಿ, ಆ ದೋಷ ಸರಿಪಡಿಸುವ ಅಪ್‌ಡೇಟ್ (ಪ್ಯಾಚ್) ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ಹಾಗಂತ ನಿಮ್ಮ ಅನುಮಾನ ಪೂರ್ತಿ ಸುಳ್ಳೇನಲ್ಲ. 7ಕ್ಕೂ 10ಕ್ಕೂ ಕನಿಷ್ಠ ರ‍್ಯಾಮ್ ಒಂದೇ, 32 ಬಿಟ್‌ಗೆ 1 ಜಿಬಿ. 11 ಮಾತ್ರ 4 ಜಿಬಿ, ಗುಪ್ತ ಕೀಲಿಗಳನ್ನು ಕಾಪಾಡುವ ಟಿಪಿಎಂ 2.0 ಚಿಪ್, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ಜನರೇಷನ್ ಕೇಳುತ್ತದೆ. ಕೀಲಿಗಳನ್ನು ಬೇರೆ ಚಿಪ್‌ನಲ್ಲಿ ಇಡುವುದು ಒಳ್ಳೆಯದೇ, ಆದರೆ ಗಟ್ಟಿಮುಟ್ಟಾದ ಎಷ್ಟೋ ಮಷೀನ್ ಇದರಿಂದ ಮೂಲೆಗೆ ಬಿದ್ದವು.

ಕಲಬುರಗಿ_ಡಿಟಿಪಿ:
ಪೆನ್‌ಡ್ರೈವ್ ಮಾತು ನೂರಕ್ಕೆ ನೂರು ನಿಜ. ಹಾಗಾದರೆ ಈಗ ಏನು ಮಾಡಲಿ? ಲಗ್ನದ ಸೀಸನ್‌ನಲ್ಲಿ ಮಷೀನ್ ಬಿಚ್ಚಿ ಕೂರೋಕಾಗಲ್ಲ.

ಯಾದಗಿರಿ_ಲ್ಯಾಬ್:
10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆ ಬಳಕೆದಾರರಿಗೆ ಸೆಕ್ಯುರಿಟಿ ಅಪ್‌ಡೇಟ್ ಇನ್ನೊಂದು ವರ್ಷ ಸಿಗುವ ಯೋಜನೆ ಇದೆ. ಸೆಟ್ಟಿಂಗ್ಸ್‌ನ ಅಪ್‌ಡೇಟ್ ಪುಟದಲ್ಲಿ ಆ ಲಿಂಕ್ ಕಾಣುತ್ತಾ ನೋಡಿ, ಕಂಡರೆ ಸೇರಿಕೊಂಡು ಸೀಸನ್ ದಾಟಿಸಿ. ಈ ಮಷೀನಿಗೆ ಅಡ್ಡದಾರಿಯಲ್ಲಿ 11 ಹಾಕಿಕೊಡುತ್ತೇನೆ ಅನ್ನುವವರು ಸಿಗುತ್ತಾರೆ, ಬೇಡ. ಮುಂದೆ ಅಪ್‌ಡೇಟ್ ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಲಿನಕ್ಸ್ ಚೆನ್ನಾಗಿದೆ, ಆದರೆ ನುಡಿ, ಪೇಜ್‌ಮೇಕರ್, ಕೋರಲ್ ಇಂಥ ವಿಂಡೋಸ್ ಪ್ರೋಗ್ರಾಂಗಳ ಮೇಲೆ ನಡೆಯುವ ಅಂಗಡಿಗೆ ನಾನು ಹೇಳಲ್ಲ.

ಬೀದರ್_ಹಳಬ:
ಹೊಸ ಮಷೀನ್ ತರುವ ಮುಂಚೆ ನಿಮ್ಮ ಹಳೆ ಪ್ರಿಂಟರಿಗೆ 64 ಬಿಟ್ ಡ್ರೈವರ್ ಇದೆಯಾ ಕೇಳಿಕೊಳ್ಳಿ. 11 ಬರೀ 64 ಬಿಟ್.