ಪದಚರ್ಚೆ: ಕೋಳಿಗೆ 'ಹುಳ ಬಿದ್ದಿದೆ' ಅಂದರೆ ಎಲ್ಲಿ ಬಿದ್ದಿದೆ?

ಗೆಳೆಯರೇ,

ಹಿತ್ತಲಲ್ಲಿ ನಾಲ್ಕಾರು ಕೋಳಿ ಸಾಕುವವರಿಗೆ ಅಂತ ಹುಳದ ಔಷಧಿ ಬಗ್ಗೆ ಒಂದು ಪುಟದ ಸೂಚನೆ ಬರೆಯುತ್ತಿದ್ದೇನೆ. ವಿಷಯ ಅಷ್ಟೇನೂ ಕಷ್ಟದ್ದಲ್ಲ, ಪದಗಳೇ ಕಾಲಿಗೆ ತೊಡರುತ್ತಿವೆ. ಅದರಲ್ಲೂ ಎರಡು ಕಡೆ ನಿಮ್ಮ ಸಹಾಯ ಬೇಕು.

ಮೊದಲನೆಯದು 'ಹುಳ ಬೀಳು'. ಕಾಳಿಗೆ ಹುಳ ಬಿತ್ತು ಅಂದರೆ ಹುಳ ಬಂದು ಸೇರಿಕೊಂಡಿತು ಅಂತ. ಮಾತ್ರೆ ತಗೊಂಡ ಮಗುವಿಗೆ ಹುಳ ಬಿತ್ತು ಅಂದರೆ ಒಳಗಿದ್ದದ್ದು ಹೊರಗೆ ಬಂತು ಅಂತ. ಎರಡೂ ಕಡೆ ಅದೇ 'ಗೆ', ಅದೇ 'ಬಿತ್ತು', ಅರ್ಥ ಮಾತ್ರ ತದ್ವಿರುದ್ಧ. ಮನುಷ್ಯರ ವಿಷಯದಲ್ಲಿ ಸಂದರ್ಭ ನೋಡಿ ತಿಳಿದುಕೊಳ್ಳುತ್ತೇವೆ, ಯಾರಿಗೂ ಗೊಂದಲ ಆಗುವುದಿಲ್ಲ. ಕೋಳಿ ವಿಷಯದಲ್ಲಿ ಆಗುತ್ತದೆ. 'ನಮ್ಮ ಕೋಳಿಗೆ ಹುಳ ಬಿದ್ದಿದೆ, ಯಾವ ಔಷಧಿ ಕೊಡಲಿ' ಅಂತ ಒಬ್ಬರು ಕೇಳಿದರೆ ಅವರು ಹೇಳುತ್ತಿರುವುದು ಕರುಳಿನ ಹುಳ ಇರಬಹುದು, ಹಿಕ್ಕೆ ಜೊತೆ ಹೊರಬಂದ ಹುಳ ಇರಬಹುದು, ಇಲ್ಲವೇ ಹಿಂಭಾಗದ ಪುಕ್ಕಕ್ಕೆ ಹಿಕ್ಕೆ ಮೆತ್ತಿಕೊಂಡು, ಅಲ್ಲಿ ನೊಣ ಮೊಟ್ಟೆಯಿಟ್ಟು, ಮರಿಹುಳಗಳು ಚರ್ಮ ತಿನ್ನುತ್ತಿರಬಹುದು. ಈ ಮೂರನೆಯದು ತುರ್ತಿನದು. ಪುಕ್ಕ ಕತ್ತರಿಸಬೇಕು, ತೊಳೆಯಬೇಕು, ಹುಳಗಳನ್ನು ಒಂದೊಂದಾಗಿ ತೆಗೆಯಬೇಕು, ಪಶುವೈದ್ಯರಿಗೆ ತಡಮಾಡದೆ ತೋರಿಸಬೇಕು. ಕರುಳಿನ ಹುಳದ ಔಷಧಿಯನ್ನು ನೀರಿಗೆ ಬೆರೆಸಿಟ್ಟು ಕಾಯುತ್ತಾ ಕೂತರೆ ಕೋಳಿ ಉಳಿಯುವುದಿಲ್ಲ.

ಹಾಗಾಗಿ ಕ್ರಿಯಾಪದಗಳನ್ನೇ ಬೇರೆ ಮಾಡಿಬಿಡೋಣ ಅಂತ ನನ್ನ ಯೋಚನೆ. ಹೊಟ್ಟೆಯಲ್ಲಿ ಹುಳ 'ಇದೆ', ಹಿಕ್ಕೆಯಲ್ಲಿ ಹುಳ 'ಬಂದಿದೆ', ಗಾಯಕ್ಕೆ ಹುಳ 'ಬಿದ್ದಿದೆ'. ಹೀಗೆ ಬರೆದರೆ ಓದುವವರಿಗೆ ಸಹಜ ಅನ್ನಿಸುತ್ತದಾ, ಇಲ್ಲಾ ಸುಮ್ನೆ ಮೇಷ್ಟ್ರ ಥರ ಕಾಣುತ್ತದಾ? ಇನ್ನೊಂದು ತಮಾಷೆ ನೋಡಿ, ಕೋಳಿ ದಿನವಿಡೀ ಕೆದಕಿ ತಿನ್ನುವುದೂ ಹುಳವೇ. ಲಾಡಿಹುಳು ಬರುವುದು ಜೀರುಂಡೆ, ಇರುವೆ, ಬಸವನಹುಳು ಇಂಥವನ್ನು ತಿಂದು. ಎರೆಹುಳುವೂ ಕೆಲವು ಹುಳಗಳನ್ನು ದಾಟಿಸುತ್ತದೆ. ಆದ್ದರಿಂದ 'ಹುಳದಿಂದ ಹುಳ ಬರುತ್ತದೆ' ಅನ್ನುವುದು ನಿಜವಾದರೂ ಸೂಚನೆಯಲ್ಲಿ ಬರೆಯುವ ಹಾಗಿಲ್ಲ! ಒಳಗಿನದಕ್ಕೆ ಎಲ್ಲಾ ಕಡೆ 'ಜಂತುಹುಳು' ಅಂತಲೇ ಇಡುತ್ತಿದ್ದೇನೆ. ಜಂತು ಅಂದರೂ ಹುಳವೇ, ಎರಡೆರಡು ಸಲ ಯಾಕೆ ಅಂತ ಕೆಲವರು ಕೇಳಬಹುದು. ಇರಲಿ, ಎಲ್ಲರಿಗೂ ತಕ್ಷಣ ತಿಳಿಯುವ ಪದ ಅದು.

ಇದಕ್ಕೆ ಅಂಟಿಕೊಂಡೇ ಇನ್ನೊಂದು ತಕರಾರು, 'ಜಂತುನಾಶಕ'. ಈ ಹೆಸರು ಕೇಳಿದರೆ ಒಳಗಿರುವ ಹುಳವೆಲ್ಲ ನಾಶ ಅನ್ನಿಸುತ್ತದೆ, ಅಲ್ವಾ? ಆದರೆ ಪಿಪೆರಜಿನ್ ಅನ್ನುವ ಔಷಧಿ ಹುಳವನ್ನು ಕೊಲ್ಲುವುದೇ ಇಲ್ಲ. ಅದು ಹುಳದ ಸ್ನಾಯುಗಳನ್ನು ಸಡಿಲ ಮಾಡುತ್ತದೆ, ಹಿಡಿತ ತಪ್ಪಿದ ಹುಳ ಹಿಕ್ಕೆ ಜೊತೆ ಜೀವಂತವಾಗಿಯೇ ಆಚೆ ಬರುತ್ತದೆ. ಅದೂ ದೊಡ್ಡ ದುಂಡುಹುಳು ಮಾತ್ರ, ಅದರಲ್ಲೂ ಬೆಳೆದವು ಮಾತ್ರ. ಕರುಳಿನ ಒಳಪದರ ಹೊಕ್ಕಿರುವ ಎಳೆಯವು ತಪ್ಪಿಸಿಕೊಳ್ಳುತ್ತವೆ, ಅದಕ್ಕೇ ಕೆಲವು ವಾರ ಬಿಟ್ಟು ಮತ್ತೆ ಕೊಡುವುದು. ಫೆನ್‌ಬೆಂಡಜೋಲ್ ಅನ್ನುವ ಇನ್ನೊಂದು ಔಷಧಿ ನಿಜವಾಗಿ ಕೊಲ್ಲುತ್ತದೆ. ಹುಳಕ್ಕೆ ಶಕ್ತಿ ಸಿಗದ ಹಾಗೆ ಮಾಡಿ ನಿಧಾನಕ್ಕೆ ಸಾಯಿಸುತ್ತದೆ. ಲಾಡಿಹುಳುವಿಗೆ ಪಿಪೆರಜಿನ್ ನಾಟುವುದೇ ಇಲ್ಲ, ಅದಕ್ಕೆ ಪ್ರಾಜಿಕ್ವಾಂಟೆಲ್ ಥರದ್ದು ಬೇಕು. ನಮ್ಮ ಹಳೆಯ ಮಾತು 'ಹುಳ ಬೀಳಿಸುವ ಔಷಧಿ' ಪಿಪೆರಜಿನ್‌ಗೆ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ! ಆದರೂ ಒಂದೊಂದು ಔಷಧಿಗೆ ಒಂದೊಂದು ಪದ ಹುಡುಕುತ್ತಾ ಹೋದರೆ ಸೂಚನೆ ನಿಘಂಟಾಗುತ್ತದೆ. 'ಹುಳದ ಔಷಧಿ' ಅಂತ ಒಂದೇ ಹೆಸರಿಟ್ಟು, ಯಾವ ಹುಳಕ್ಕೆ ಅನ್ನುವುದನ್ನು ಪಕ್ಕದಲ್ಲೇ ಬರೆಯುವುದು ಮೇಲು ಅಂತ ಕಾಣುತ್ತದೆ. ಕಾಕ್ಸಿಡಿಯಾವನ್ನಂತೂ ದಯವಿಟ್ಟು ಯಾರೂ 'ರಕ್ತದ ಹುಳ' ಅಂತ ಕನ್ನಡಿಸಬೇಡಿ. ಅದು ಹುಳವಲ್ಲ, ಒಂದೇ ಜೀವಕೋಶದ ಪರೋಪಜೀವಿ, ಹುಳದ ಔಷಧಿ ಅದಕ್ಕೆ ಕೆಲಸ ಮಾಡುವುದಿಲ್ಲ.

ಈಗ ಎರಡನೆಯದು. ಔಷಧಿ ಕೊಟ್ಟಾಗ ಅದರ ಅಂಶ ಮೊಟ್ಟೆ, ಮಾಂಸಕ್ಕೆ ಸೇರುತ್ತದೆ. ಅದು ಸಾಕಷ್ಟು ಇಳಿಯುವ ತನಕ ತಿನ್ನಬಾರದು, ಮಾರಬಾರದು. ಲೇಬಲ್ ಮೇಲೆ ಅದನ್ನು ವಿತ್‌ಡ್ರಾಯಲ್ ಪೀರಿಯಡ್ ಅಂತ ಹಾಕಿರುತ್ತಾರೆ. 'ಹಿಂತೆಗೆತದ ಅವಧಿ' ಅಂತ ಬರೆದರೆ ಬ್ಯಾಂಕಿನ ಕಾಗದದ ಹಾಗಿರುತ್ತದೆ, ಯಾರು ಏನನ್ನು ಹಿಂತೆಗೆಯಬೇಕೋ ತಿಳಿಯುವುದಿಲ್ಲ. 'ಮೊಟ್ಟೆ ಬಿಡುವ ದಿನಗಳು' ಅಂದರೆ ಕೋಳಿ ಮೊಟ್ಟೆ ಇಡುವುದನ್ನು ಬಿಡುತ್ತದೆ ಅಂತ ಓದಿಕೊಳ್ಳುವವರು ಇದ್ದೇ ಇರುತ್ತಾರೆ. 'ಮೊಟ್ಟೆ ತಿನ್ನಬಾರದ ದಿನಗಳು' ನನಗೆ ಇಷ್ಟವಾಯಿತು, ನೇರವಾಗಿದೆ. ತೊಡಕು ಏನೆಂದರೆ ಕೆಲವು ದೇಶಗಳಲ್ಲಿ ಕೋಳಿಗೆಂದೇ ಒಪ್ಪಿಗೆ ಪಡೆದ ಫೆನ್‌ಬೆಂಡಜೋಲ್ ಔಷಧಿಗೆ ಮೊಟ್ಟೆಯ ಅವಧಿ ಸೊನ್ನೆ. 'ತಿನ್ನಬಾರದ ದಿನಗಳು: 0' ಅಂದರೆ ತಿನ್ನಬಹುದು ಅಂತಲೋ, ತಿನ್ನಲೇಬಾರದು ಅಂತಲೋ? ಅಂಥ ಕಡೆ 'ಮೊಟ್ಟೆ ತಿನ್ನಬಹುದು' ಅಂತ ಪೂರ್ತಿ ವಾಕ್ಯವನ್ನೇ ಹಾಕುವುದು ವಾಸಿ.

ಎಣಿಕೆ ಶುರುವಾಗುವುದು ಯಾವಾಗ ಅನ್ನುವುದೂ ಪದದಲ್ಲಿಯೇ ಸಿಕ್ಕಿಕೊಂಡಿದೆ. 'ಔಷಧಿ ಕೊಟ್ಟ ಮೇಲೆ 7 ದಿನ' ಅಂತ ಬರೆದರೆ, ಔಷಧಿಯನ್ನು 5 ದಿನ ಕೊಡುವಂತಿದ್ದಾಗ, ಮೊದಲ ದಿನದಿಂದ ಎಣಿಸುವವರೇ ಜಾಸ್ತಿ. ಹಾಗಾಗಿ ಕೊನೆಯ ಡೋಸ್ ಆದಮೇಲೆ ಎರಡೇ ದಿನ ಮೊಟ್ಟೆ ತಿನ್ನದೆ ಬಿಟ್ಟು ಮೂರನೇ ದಿನ ತಿನ್ನುತ್ತಾರೆ. 'ಕೊಡುವ ದಿನಗಳಲ್ಲೂ ತಿನ್ನಬಾರದು, ಕೊನೆಯ ಡೋಸ್ ಮುಗಿದ ಮೇಲೆ ಇನ್ನೂ 7 ದಿನ ತಿನ್ನಬಾರದು' ಅಂತ ಉದ್ದವಾಗಿಯೇ ಬರೆಯಬೇಕಾಗುತ್ತದೆ. (7 ಅನ್ನುವುದು ಇಲ್ಲಿ ಉದಾಹರಣೆಗೆ ಮಾತ್ರ. ನಿಜವಾದ ಸಂಖ್ಯೆ ಔಷಧಿಯಿಂದ ಔಷಧಿಗೆ ಬೇರೆ, ಲೇಬಲ್ ನೋಡಬೇಕು, ವೈದ್ಯರನ್ನು ಕೇಳಬೇಕು.)

ಹಾಗೇ 'ಕೆ.ಜಿ.ಗೆ ಇಷ್ಟು' ಅನ್ನುವುದು. ಫೆನ್‌ಬೆಂಡಜೋಲನ್ನು ನೀರಿನಲ್ಲಿ ಕೊಡುವಾಗ ಕೋಳಿಯ ತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 1 ಮಿಲಿಗ್ರಾಂ, 5 ದಿನ. ಫ್ಲುಬೆಂಡಜೋಲ್ ಅನ್ನುವ ಇನ್ನೊಂದು ಹುಳದ ಔಷಧಿಯನ್ನು ಮೇವಿನಲ್ಲಿ ಬೆರೆಸಿ 7 ದಿನ ಕೊಡುತ್ತಾರೆ, ಅಲ್ಲಿ ಕೆ.ಜಿ. ಲೆಕ್ಕ ಮೇವಿನದು. ಬರೀ 'ಕೆ.ಜಿ.ಗೆ' ಅಂತ ಬಿಟ್ಟರೆ ಕೋಳಿಯದ್ದೋ ಮೇವಿನದ್ದೋ ಅಂತ ಗೊತ್ತಾಗುವುದಿಲ್ಲ. ಇದಕ್ಕೆ ಹೊಸ ಪದ ಬೇಕಿಲ್ಲ, 'ಕೋಳಿ ತೂಕ', 'ಮೇವಿನ ತೂಕ' ಅಂತ ಬಿಡಿಸಿ ಬರೆದರೆ ಸಾಕು.

ನನ್ನ ಪ್ರಶ್ನೆಗಳು ಇಷ್ಟೇ. 'ಹುಳ ಬಿದ್ದಿದೆ' ಅನ್ನುವುದನ್ನು ನಿಮ್ಮ ಮನೆಗಳಲ್ಲಿ ಒಳಗಿರುವ ಹುಳಕ್ಕೂ ಹೇಳುತ್ತಾರಾ, ಗಾಯದ ಹುಳಕ್ಕೆ ಮಾತ್ರವಾ? 'ಮೊಟ್ಟೆ ತಿನ್ನಬಾರದ ದಿನಗಳು' ಅನ್ನುವುದಕ್ಕಿಂತ ಚಿಕ್ಕದಾದ, ಮಾಂಸಕ್ಕೂ ಒಪ್ಪುವ ಆಡುಮಾತು ಇದೆಯಾ? ಹೈನು ಸಾಕುವವರು ಔಷಧಿ ಕೊಟ್ಟ ಹಸುವಿನ ಹಾಲು ಚೆಲ್ಲುವ ದಿನಗಳಿಗೆ ಏನಾದರೂ ಅನ್ನುತ್ತಿದ್ದರೆ ಅದನ್ನೂ ಹೇಳಿ, ಅದೇ ಪದ ಇಲ್ಲಿಗೂ ಹೊಂದಬಹುದು.