ಹಳೇ ಓವನ್ ಟ್ರಾನ್ಸ್‌ಫಾರ್ಮರಲ್ಲಿ ವೆಲ್ಡಿಂಗ್ ಮಿಷಿನ್ ಮಾಡ್ಬೋದಾ? ಉಪ್ಪುನೀರಿಂದು ಸೇಫಾ?

ತೆಂಗಿನತೋಟ_ತಿಪಟೂರು

ಎಲ್ರಿಗೂ ನಮಸ್ಕಾರ. ನಮ್ದು ತಿಪಟೂರು ಹತ್ರ ಹಳ್ಳಿ, ತೋಟ ಇದೆ, ಎರಡು ಹಸು ಇದೆ. ಕೊಟ್ಟಿಗೆ ಗೇಟು, ಟ್ರೈಲರ್ ಡೋರು, ಕಲ್ಟಿವೇಟರ್ ಹಲ್ಲು ಅಂತ ಒಂದಲ್ಲ ಒಂದು ಮುರೀತಾನೇ ಇರುತ್ತೆ, ಪ್ರತಿ ಸಲ ಟೌನಿಗೆ ಹೊತ್ಕೊಂಡ್ ಹೋಗಿ ನಾಲ್ಕು ಟ್ಯಾಕ್ ಹಾಕಿಸ್ಕೊಂಡ್ ಬರೋಷ್ಟ್ರಲ್ಲಿ ಅರ್ಧ ದಿನ ಹೋಗುತ್ತೆ. ಅದಕ್ಕೆ ಮನೇಲೇ ಒಂದು ಸಣ್ಣ ವೆಲ್ಡಿಂಗ್ ಮಿಷಿನ್ ಮಾಡ್ಕೊಳೋಣ ಅಂತಿದೀನಿ. ಗುಜರಿ ಅಂಗಡೀಲಿ ಕೆಟ್ಟೋಗಿರೋ ಮೈಕ್ರೋವೇವ್ ಓವನ್ ಎರಡು ಸಿಕ್ಕಿದೆ, ಅದರ ಟ್ರಾನ್ಸ್‌ಫಾರ್ಮರ್ ಬಿಚ್ಚಿ ದಪ್ಪ ಕೇಬಲ್ ಸುತ್ತಿ ಮಾಡೋದನ್ನ ವಿಡಿಯೋದಲ್ಲಿ ನೋಡಿದೀನಿ. ಇನ್ನೊಂದು ಕಡೆ ಪಕ್ಕದೂರಲ್ಲಿ ಒಬ್ರು ಪ್ಲಾಸ್ಟಿಕ್ ಡ್ರಮ್ಮಲ್ಲಿ ಉಪ್ಪುನೀರು ಹಾಕಿ ಎರಡು ಕಬ್ಬಿಣದ ಪ್ಲೇಟ್ ಇಳಿಬಿಟ್ಟು ಅದರಲ್ಲೇ ವೆಲ್ಡಿಂಗ್ ಮಾಡ್ತಾರೆ, ಇನ್ನೂರು ರೂಪಾಯಲ್ಲಿ ಆಗುತ್ತೆ, ನೀನು ಯಾಕೆ ಅಷ್ಟು ಕಷ್ಟ ಪಡ್ತೀಯ ಅಂತ ಹೇಳ್ತಿದಾರೆ. ಯಾವ್ದು ಮಾಡ್ಲಿ? ಎಷ್ಟು ಸುತ್ತು ಸುತ್ತಬೇಕು? ಐಟಿಐ ಫಿಟ್ಟರ್ ಮಾಡಿದೀನಿ, ವೆಲ್ಡಿಂಗ್ ಒಂದಷ್ಟು ಗೊತ್ತು, ಕರೆಂಟಿನ ಕಡೆ ಕಮ್ಮಿ. ನಮ್ಮಪ್ಪ ಕಣ್ಣು ಹೋಗುತ್ತೆ ಅಂತ ಬೇಡ ಅಂತಿದಾರೆ, ಕಪ್ಪು ಕನ್ನಡಕ ಹಾಕ್ಕೊಂಡ್ರೆ ಸಾಕಲ್ವಾ?

ವೈಂಡಿಂಗ್_ಅಂಗಡಿ_ಹುಬ್ಬಳ್ಳಿ

ತಮ್ಮಾ, ಮದ್ಲ ಆ ಉಪ್ಪುನೀರಿನ ಮಾತು ಮುಗಸೂಣು. ಅದನ್ನ ಮಾಡಬ್ಯಾಡ. ನಾನು ಮೋಟಾರು, ವೆಲ್ಡಿಂಗ್ ಸೆಟ್ ಸುತ್ತೋ ಕೆಲಸ ಮಾಡಾಕತ್ತು 26 ವರ್ಷ ಆತು, ಯಾಕ ಬ್ಯಾಡ ಅಂತೀನಿ ಕೇಳು.

ಟ್ರಾನ್ಸ್‌ಫಾರ್ಮರ್ ಒಳಗ ಎರಡು ಕಾಯಿಲ್ ಇರ್ತಾವು, ಲೈನಿಗೆ ಕೊಡೋದು ಒಂದು, ಅದು ಪ್ರೈಮರಿ, ರಾಡ್ ಹಿಡಿಯೋ ಹೋಲ್ಡರಿಗೆ ಬರೋದು ಒಂದು, ಅದು ಸೆಕೆಂಡರಿ. ಎರಡರ ನಡುವ ತಂತಿ ಸಂಬಂಧನ ಇಲ್ಲ, ಬರೇ ಅಯಸ್ಕಾಂತದ ಸಂಬಂಧ. ಹಂಗಾಗಿ ನಿನ್ನ ಕೈಯಾಗಿನ ವೆಲ್ಡಿಂಗ್ ರಾಡಿಗೂ ಕಂಬದ ಮ್ಯಾಲಿನ ಫೇಸಿಗೂ ನಂಟು ಕಡದಿರ್ತೈತಿ. ಉಪ್ಪುನೀರಾಗ ಆ ಕಡತ ಎಲ್ಲೈತಿ? ಫೇಸ್ ಸೀದಾ ನೀರಾಗ ಇಳಿದು ಹೋಲ್ಡರಿಗೆ ಬರ್ತೈತಿ. ನೀರು ವೋಲ್ಟೇಜ್ ಕಮ್ಮಿ ಮಾಡ್ತೈತಿ ಅಂತ ಮಂದಿ ತಿಳ್ಕೊಂಡಾರ, ಖರೇ ಅಂದ್ರ ಕರೆಂಟ್ ಹರಿಯೋವಾಗ ಅಷ್ಟ ಕಮ್ಮಿ ಮಾಡ್ತೈತಿ. ಆರ್ಕ್ (ರಾಡಿನ ತುದಿಯಾಗ ಹತ್ತೋ ಕರೆಂಟಿನ ಉರಿ) ಹತ್ತದ ಸುಮ್ನ ಹಿಡಕೊಂಡು ನಿಂತಾಗ ಕರೆಂಟ್ ಸೊನ್ನೆ, ನೀರಾಗ ಏನೂ ಬೀಳಂಗಿಲ್ಲ, ರಾಡಿನ ತುದಿಯಾಗ ಪೂರಾ 230 ವೋಲ್ಟ್ ಕುಂತಿರ್ತೈತಿ. ನೀ ಕೊಟಗಿ ಹಸಿ ನೆಲದಾಗ ನಿಂತು ಬೆವರಗೈಲೆ ರಾಡ್ ಬದಲು ಮಾಡೋದು ಅದ ಹೊತ್ತಿನಾಗ. ಪ್ಲಗ್ ಉಲ್ಟಾ ಆತು ಅಂದ್ರ ಇನ್ನೂ ಕೆಟ್ಟ, ಫೇಸ್ ಹೋಗಿ ಗೇಟಿಗೆ ಕೂಡ್ತೈತಿ, ಗೇಟಿಂದ ಶೆಡ್ಡಿಗೆ, ಶೆಡ್ಡಿಗೆ ಸರಪಳೀಲೆ ಕಟ್ಟಿದ ದನಕ್ಕ. ದನದ ಮುಂಗಾಲಿಗೂ ಹಿಂಗಾಲಿಗೂ ಅಂತರ ಜಾಸ್ತಿ, ನಡುವ ಗುಂಡಿಗಿ ಬರ್ತೈತಿ, ಮನಶ್ಯಾ ತಡಕೊಳ್ಳೋ ಶಾಕ್ ಅದು ತಡಕೊಳ್ಳಂಗಿಲ್ಲ. ಮ್ಯಾಲ ನೀರು ಕಾದಂಗ ಕಾದಂಗ ಕರೆಂಟ್ ಏರಕೋತ ಹೋಗ್ತೈತಿ, ಕಡೀಗೆ ಕುದ್ದು ಸಿಡೀತೈತಿ. ಆರ್‌ಸಿಸಿಬಿ (ಕರೆಂಟ್ ಸೋರಿದ್ರ ಲೈನ್ ಕಡಿಯೋ ಸ್ವಿಚ್) ಇದ್ದ ಮನ್ಯಾಗ ಇದು ಹಚ್ಚಿದ ಕೂಡ್ಲೆ ಭಾಳ ಸಲ ಟ್ರಿಪ್ ಆಗ್ತೈತಿ, ಆವಾಗ ಏನ್ ಮಾಡ್ತಾರ ಅಂದ್ರ ಆರ್‌ಸಿಸಿಬಿನ ಬಿಚ್ಚಿ ಒಗೀತಾರ. ಅದು ಟ್ರಿಪ್ ಆಗೋದ ನಿನ್ನ ಜೀವಾ ಉಳಸಾಕ. ನಮ್ಮ ಸೋದರತ್ತಿ ಊರಾಗ ಹಿಂಗ ಒಬ್ಬ 19 ವರ್ಷದ ಹುಡುಗ ಹ್ವಾದ, ಗ್ವಾದಲಿ ಬೆಸೀಲಿಕ್ಕೆ ಹೋಗಿ. ಅದರ ಸಲುವಾಗಿ ಇಷ್ಟು ಉದ್ದ ಬರದೇನಿ. ಆ ಪಕ್ಕದೂರಿನ ಹಿರೇರಿಗೂ ಹೇಳು.

ಸರ್ಕ್ಯೂಟ್_ಬೆಂಗಳೂರು

ಅಣ್ಣಾವ್ರು ಹೇಳಿದ್ದು ಒಂದಕ್ಷರ ಬಿಡದಂಗೆ ಸರಿ. ಓವನ್ ಟ್ರಾನ್ಸ್‌ಫಾರ್ಮರಿಂದು ನಾನು ಮಾಡಿದೀನಿ, ಆಗುತ್ತೆ, ಆದ್ರೆ ಮಿತಿ ಇದೆ.

ಫಸ್ಟ್ ಓವನ್ ಬಿಚ್ಚೋವಾಗ್ಲೇ ಹುಷಾರು. ಒಳಗೆ ಒಂದು ಮೊಟ್ಟೆಯಾಕಾರದ ತಗಡಿನ ಕೆಪಾಸಿಟರ್ ಇರುತ್ತೆ, ಸುಮಾರು 1 ಮೈಕ್ರೋಫ್ಯಾರಡ್, 2100 ವೋಲ್ಟಿಂದು. ಪ್ಲಗ್ ತೆಗೆದಿಟ್ಟು ದಿನ ಆಗಿದ್ರೂ ಚಾರ್ಜ್ ಇದೆ ಅಂತ್ಲೇ ತಿಳ್ಕೊಳಿ, ಒಳಗಡೆ ಚಾರ್ಜ್ ಇಳಿಸೋ ರೆಸಿಸ್ಟರ್ ಕೆಟ್ಟಿದ್ರೆ ಅದು ಹಾಗೇ ಕೂತಿರುತ್ತೆ. ಒಂದು ಕೈ ಬೆನ್ನಹಿಂದೆ ಇಟ್ಕೊಂಡು, ಒಳ್ಳೆ ಪ್ಲಾಸ್ಟಿಕ್ ಹಿಡಿ ಇರೋ ಸ್ಕ್ರೂಡ್ರೈವರಲ್ಲಿ ಎರಡು ಟರ್ಮಿನಲ್ ಶಾರ್ಟ್ ಮಾಡಿ, ಆಮೇಲೆ ಒಂದೊಂದೇ ಟರ್ಮಿನಲ್‌ನಿಂದ ಬಾಡಿಗೂ ಶಾರ್ಟ್ ಮಾಡಿ. ಮ್ಯಾಗ್ನೆಟ್ರಾನ್ (ಓವನ್ನಲ್ಲಿ ಮೈಕ್ರೋವೇವ್ ಹುಟ್ಟಿಸೋ ಭಾಗ) ಒಡೀಬೇಡಿ, ಕೆಲವುದರ ಪಿಂಗಾಣೀಲಿ ಬೆರಿಲಿಯಂ ಆಕ್ಸೈಡ್ ಇರುತ್ತೆ, ಅದರ ಪುಡಿ ಉಸಿರಲ್ಲಿ ಹೋದ್ರೆ ಶ್ವಾಸಕೋಶಕ್ಕೆ ಕೆಟ್ಟದ್ದು. ಇನ್ನೊಂದು ವಿಷಯ, ತೆಳು ತಂತಿ ಸೆಕೆಂಡರಿ ಇದ್ದಹಾಗೇ ಚೆಕ್ ಮಾಡೋಣ ಅಂತ ಟ್ರಾನ್ಸ್‌ಫಾರ್ಮರಿಗೆ ಕರೆಂಟ್ ಕೊಡಲೇಬೇಡಿ, 2000 ವೋಲ್ಟ್ ಬರುತ್ತೆ, ಮುಟ್ಟಿದವರು ಉಳಿಯಲ್ಲ.

ಆ ತೆಳು ಕಾಯಿಲನ್ನ ಹ್ಯಾಕ್ಸಾದಲ್ಲಿ ಕೊಯ್ದು ಹೊಡೆದು ತೆಗೀಬೇಕು, ಪ್ರೈಮರಿ ಮೇಲಿನ ವಾರ್ನಿಷ್ ಗೀರಬಾರ್ದು, ಗೀರಿದ್ರೆ ಆ ಟ್ರಾನ್ಸ್‌ಫಾರ್ಮರ್ ಗುಜರಿಗೇ ವಾಪಸ್ ಕೊಡಿ. ಎಷ್ಟು ಸುತ್ತು ಅಂತ ಕೇಳಿದ್ರಲ್ಲ, ಲೆಕ್ಕ ಸುಲಭ, ಖಾಲಿ ಜಾಗದಲ್ಲಿ ಯಾವ್ದಾದ್ರೂ ಇನ್ಸುಲೇಟೆಡ್ ವೈರ್ 10 ಸುತ್ತು ಹಾಕಿ ಮೀಟರಲ್ಲಿ ಅಳೀರಿ. ಸುತ್ತಿಗೆ ಹೆಚ್ಚುಕಮ್ಮಿ ಒಂದು ವೋಲ್ಟ್ ಬರುತ್ತೆ. 16 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ 18ರಿಂದ 20 ಸುತ್ತು ಕಷ್ಟಪಟ್ಟು ಹಿಡಿಯುತ್ತೆ. ಎರಡರ ಪ್ರೈಮರಿ ಪ್ಯಾರಲಲ್, ಸೆಕೆಂಡರಿ ಸೀರೀಸ್ ಕೊಟ್ರೆ 36ರಿಂದ 40 ವೋಲ್ಟ್. ಮೀಟರ್ ಸೊನ್ನೆ ತೋರಿಸಿದ್ರೆ ಒಂದು ಉಲ್ಟಾ ಆಗಿದೆ ಅಂತರ್ಥ, ಒಂದರ ಎರಡು ತುದಿ ಅದಲುಬದಲು ಮಾಡಿ.

ಮಿತಿ ಅಂದಿದ್ದು ಇಲ್ಲೇ. ನಮ್ ಕಡೆ ಎಲ್ಲಾ ಕಡೆ ಸಿಗೋ 6013 ರಾಡಿಗೆ ಆರ್ಕ್ ಚೆನ್ನಾಗಿ ಹತ್ಬೇಕು ಅಂದ್ರೆ ಖಾಲಿ ನಿಂತಾಗ 50 ವೋಲ್ಟ್ ಆದ್ರೂ ಬೇಕು. ನಿಮ್ ಊರಲ್ಲಿ ಸಂಜೆ ಲೈನ್ 190ಕ್ಕೆ ಇಳಿಯುತ್ತೆ ಅಂದ್ಕೊಳಿ, ಈ 40 ಹೋಗಿ 33 ಆಗುತ್ತೆ, ರಾಡ್ ಬರೀ ಅಂಟುತ್ತೆ. ಮೂರನೇ ಓವನ್ ಸಿಕ್ಕಿದ್ರೆ ಸೇರಿಸಿ, ಆದ್ರೆ ಎಸಿ 80 ವೋಲ್ಟ್ ಯಾವತ್ತೂ ದಾಟಬಾರ್ದು, ಒದ್ದೆ ಜಾಗಕ್ಕಂತೂ 48ರೊಳಗೇ ಇರ್ಬೇಕು ಅನ್ನೋದು ವೆಲ್ಡಿಂಗ್ ಮಿಷಿನ್‌ಗಳ ಅಂತಾರಾಷ್ಟ್ರೀಯ ಸ್ಟ್ಯಾಂಡರ್ಡ್. 12 ನಂಬರ್ (ಸುಮಾರು 2.5 ಎಂಎಂ ದಪ್ಪದ) ರಾಡಿಗೆ 80-90 ಆಂಪ್ಸ್ ಎಳೆದ್ರೆ ಲೈನ್ ಕಡೆ 15 ಆಂಪ್ಸ್ ಹತ್ರ ಬರುತ್ತೆ, ಮೊಬೈಲ್ ಚಾರ್ಜರ್ ಹಾಕೋ ಸಾಕೆಟ್ಟಿಗೆ ಚುಚ್ಚಬೇಡಿ, ಬೋರ್ಡಿಂದ ಬೇರೆ 4 ಸ್ಕ್ವೇರ್ ಲೈನ್ ಎಳೆದು 20 ಆಂಪ್ಸ್ ಎಂಸಿಬಿ (ಲೋಡ್ ಜಾಸ್ತಿ ಆದ್ರೆ ತಾನೇ ಬೀಳೋ ಸ್ವಿಚ್) ಹಾಕಿ. ಆ ಟ್ರಾನ್ಸ್‌ಫಾರ್ಮರ್ ಹುಟ್ಟಿರೋದು ಅಡಿಗೆ ಬಿಸಿಮಾಡೋಕೆ, ಎರಡು ಮೂರು ರಾಡಿಗೆ ಕೈಯಿಡೋಕಾಗದಷ್ಟು ಕಾಯುತ್ತೆ, ಪಿವಿಸಿ ಕೇಬಲ್ ಮೆತ್ತಗಾಗುತ್ತೆ. ಓವನ್ನಿನ ಫ್ಯಾನ್ ಬಿಸಾಕಬೇಡಿ, ಅದನ್ನೇ ಗಾಳಿಗೆ ಇಡಿ, ಮ್ಯಾಗ್ನೆಟ್ರಾನ್ ಮೇಲಿರೋ ಪುಟ್ಟ ಥರ್ಮಲ್ ಸ್ವಿಚ್ಚನ್ನ ಕಾಯಿಲಿಗೆ ಒತ್ತಿಸಿ, ಕಾದಾಗ ಕಾಂಟ್ಯಾಕ್ಟರ್ (ಲೈನ್ ಕಟ್ ಮಾಡೋ ದೊಡ್ಡ ಸ್ವಿಚ್) ಬಿಡೋ ಹಾಗೆ ಮಾಡಿ. ಕಬ್ಬಿಣದ ಕೋರಿಗೂ ಡಬ್ಬಕ್ಕೂ ಅರ್ತಿಂಗ್ ಕೊಡದೆ ಆನ್ ಮಾಡಲೇಬೇಡಿ. 230 ಬರೋ ಟರ್ಮಿನಲ್ ಎಲ್ಲಾ ಮುಚ್ಚಿದ ಡಬ್ಬದೊಳಗೆ ಇರ್ಬೇಕು, ವಿಡಿಯೋದವರು ಮರದ ಹಲಗೆ ಮೇಲೆ ಬಿಚ್ಚಿಟ್ಟು ತೋರಿಸ್ತಾರಲ್ಲ ಹಾಗಲ್ಲ.

ನನ್ ಅಭಿಪ್ರಾಯ ಕೇಳಿದ್ರೆ, ಕಲಿಯೋಕೆ ಮಾಡಿ, ದಿನಾ ಕೆಲಸಕ್ಕೆ ಬೇಡ. ಕೇಬಲ್, ಹೋಲ್ಡರ್, ಕ್ಲ್ಯಾಂಪ್, ಎಂಸಿಬಿ ಸೇರಿದ್ರೆ ಅಂಗಡೀಲಿ ಸಿಗೋ ಸಣ್ಣ ಇನ್ವರ್ಟರ್ ವೆಲ್ಡಿಂಗ್ ಮಿಷಿನಿನ ಅರ್ಧ ದುಡ್ಡು ಆಗೇಹೋಗುತ್ತೆ, ಅದು ಹೆಗಲಿಗೆ ಹಾಕ್ಕೊಂಡು ತೋಟಕ್ಕೆ ತಗೊಂಡ್ ಹೋಗೋಷ್ಟು ಹಗುರ, ಲೋ ವೋಲ್ಟೇಜೂ ಒಂದಷ್ಟು ತಡ್ಕೊಳುತ್ತೆ.

ಕಣ್ಣಿನವಾರ್ಡ್_ಉಡುಪಿ

ನಾನು ಕಣ್ಣಿನ ವಿಭಾಗದಲ್ಲಿ ನರ್ಸ್. ನಿಮ್ಮ ಅಪ್ಪನಿಗೆ ಹೆದರಿಕೆ ಆದದ್ದು ಸರಿಯೇ ಉಂಟು, ಆದ್ರೆ ಬೇಡ ಅಂತ ಬಿಡ್ಬೇಕಾಗಿಲ್ಲ. ಕಪ್ಪು ಕನ್ನಡಕ ಖಂಡಿತ ಸಾಕಾಗುದಿಲ್ಲ. ಗ್ಯಾಸ್ ವೆಲ್ಡಿಂಗಿನವರು ಹಾಕುವ ಹಸಿರು ಗಾಗಲ್ಸ್ ಶೇಡ್ (ಗಾಜಿನ ಕಪ್ಪಿನ ನಂಬರ್) 5 ಅಷ್ಟೆ, ಆರ್ಕಿಗೆ 10 ಅಥವಾ 11 ಬೇಕು, ಮತ್ತೆ ಮುಖ ಕುತ್ತಿಗೆ ಪೂರ್ತಿ ಮುಚ್ಚುವ ಹೆಲ್ಮೆಟ್ ಬೇಕು. ಎಕ್ಸ್‌ರೇ ಫಿಲ್ಮ್ ಇಟ್ಟುಕೊಂಡು ಮಾಡಿದವರನ್ನೂ ನೋಡಿದ್ದೇನೆ ಮಾರಾಯ್ರೆ, ಕತ್ತಲೆ ಕಂಡ ಕೂಡ್ಲೇ ನೇರಳಾತೀತ ಕಿರಣ ನಿಂತಿತು ಅಂತ ಅಲ್ಲ.

ಆರ್ಕ್ ಹೊಡೆದದ್ದು ಆಗ್ಲೇ ಗೊತ್ತಾಗುದಿಲ್ಲ, ಅದೇ ಮೋಸ. ಹಗಲು ಕೆಲಸ ಮಾಡಿ ಊಟ ಮಾಡಿ ಮಲಗ್ತಾರೆ, ನಡುರಾತ್ರಿ ಕಣ್ಣಲ್ಲಿ ಹೊಯ್ಗೆ ಹಾಕಿದ ಹಾಗೆ ಆಗಿ ಎದ್ದು ಕೂತ್ಕೊಳ್ತಾರೆ, ನೀರು ಸುರೀತದೆ, ಲೈಟ್ ನೋಡ್ಲಿಕ್ಕೆ ಆಗುದಿಲ್ಲ. ಕಣ್ಣಿನ ಮೇಲ್ಪದರ ಬಿಸಿಲಲ್ಲಿ ಸುಟ್ಟ ಚರ್ಮದ ಹಾಗೆ ಸುಟ್ಟಿರ್ತದೆ. ಹೆಚ್ಚಿನವರಿಗೆ ಒಂದೆರಡು ದಿನದಲ್ಲಿ ಹೊಸ ಪದರ ಬಂದು ಗುಣ ಆಗ್ತದೆ. ಆ ಒಂದೆರಡು ದಿನದಲ್ಲಿ ಮನೆಯಲ್ಲಿ ಮಾಡುವ ಔಷಧಿಯೇ ಹಾಳುಮಾಡುದು. ಎದೆಹಾಲು, ಹರಳೆಣ್ಣೆ, ಆಲೂಗಡ್ಡೆ ರಸ ಯಾವುದನ್ನೂ ಬಿಡ್ಬೇಡಿ, ಗಾಯ ಆದ ಕಣ್ಣಿಗೆ ಸೋಂಕು ಬಂದ್ರೆ ಮತ್ತೆ ಹುಣ್ಣಾಗ್ತದೆ. ಮೆಡಿಕಲ್ಲಿಂದ ಮರಗಟ್ಟಿಸುವ ಡ್ರಾಪ್ಸ್ ತಂದು ನೋವಾದಾಗೆಲ್ಲ ಹಾಕುವವರಿದ್ದಾರೆ, ಅದು ಹೊಸ ಪದರ ಬೆಳೀಲಿಕ್ಕೇ ಬಿಡುದಿಲ್ಲ. ತಣ್ಣನೆ ಬಟ್ಟೆ ಇಟ್ಟು, ಉಜ್ಜದೆ, ಬೆಳಿಗ್ಗೆ ಕಣ್ಣಿನ ಡಾಕ್ಟರಿಗೆ ತೋರಿಸಿ.

ಮತ್ತೊಂದು, ವೆಲ್ಡ್ ಮಾಡುವವರಿಗಿಂತ ಜಾಸ್ತಿ ನಮ್ಮಲ್ಲಿಗೆ ಬರುದು ಪಕ್ಕದಲ್ಲಿ ಪೈಪ್ ಹಿಡ್ಕೊಂಡು ಕೂತವರು. ನಿಮ್ಮ ಅಪ್ಪನೇ ಹಿಡಿಯುವವರಾದ್ರೆ ಅವರಿಗೂ ಒಂದು ಹೆಲ್ಮೆಟ್ ತನ್ನಿ, ಮಕ್ಕಳು ನೋಡ್ಲಿಕ್ಕೆ ಬಂದ್ರೆ ನಿಲ್ಲಿಸಿ. ಸ್ಲ್ಯಾಗ್ (ಬೆಸುಗೆ ಮೇಲೆ ಕೂರುವ ಗಟ್ಟಿ ಪದರ) ಕುಟ್ಟುವಾಗ, ಗ್ರೈಂಡರ್ ಹಿಡಿಯುವಾಗ ಬಿಳಿ ಗಾಗಲ್ಸ್ ಬೇಕೇ ಬೇಕು, ಕಣ್ಣಲ್ಲಿ ಕಬ್ಬಿಣದ ಚೂರು ಸಿಕ್ಕಿಸಿಕೊಂಡು ಬರುವವರು ವಾರಕ್ಕೆ ಎಷ್ಟೋ ಜನ.

ತೆಂಗಿನತೋಟ_ತಿಪಟೂರು

ತುಂಬಾ ಥ್ಯಾಂಕ್ಸ್ ಎಲ್ರಿಗೂ. ಉಪ್ಪುನೀರು ಬಿಟ್ಟಾಯ್ತು, ಪಕ್ಕದೂರಿನವರಿಗೆ ಹುಬ್ಬಳ್ಳಿ ಅಣ್ಣ ಬರೆದಿದ್ದನ್ನ ಓದಿ ಹೇಳ್ದೆ, ಅವ್ರು ಏನೂ ಮಾತಾಡ್ಲಿಲ್ಲ, ಆದ್ರೆ ಸಂಜೆ ಡ್ರಮ್ ಖಾಲಿ ಮಾಡಿದ್ರಂತೆ. ನಾನು ಕೆಪಾಸಿಟರ್ ಶಾರ್ಟ್ ಮಾಡಿದಾಗ ಒಂದು ಓವನ್ನಲ್ಲಿ ಏನೂ ಇರ್ಲಿಲ್ಲ, ಇನ್ನೊಂದ್ರಲ್ಲಿ ಪಟ್ ಅಂತ ಕಿಡಿ ಬಂತು, ಗುಜರೀಲಿ ತಿಂಗಳಾನುಗಟ್ಟಲೆ ಬಿದ್ದಿತ್ತು ಅಂದಿದ್ರು ಅದು, ಕೈ ನಡುಗ್ತು. ಸೆಕೆಂಡರಿ ಎರಡೂ ತೆಗೆದಾಯ್ತು, 10 ಸುತ್ತಿಗೆ 9.6 ವೋಲ್ಟ್ ಬಂತು. ಇನ್ನೊಂದು ಪ್ರಶ್ನೆ, ನಾನು ಮಾಡ್ಬೇಕಿರೋ ಕೆಲಸದಲ್ಲಿ ಜಾಸ್ತಿ ಜಿಐ ಪೈಪು (ಸತು ಲೇಪ ಇರೋ ಕಬ್ಬಿಣದ ಪೈಪು), ಮತ್ತೆ ಒಂದು ಹಳೇ ಡೀಸೆಲ್ ಬ್ಯಾರಲ್ ಕೊಯ್ದು ಹಸುಗೆ ನೀರಿನ ತೊಟ್ಟಿ ಮಾಡೋಣ ಅಂತ.

ಗೇಟುಗ್ರಿಲ್_ತುಮಕೂರು

ಬ್ಯಾರಲ್ ಮುಟ್ಬೇಡ ಗುರು. ತುಂಬಿರೋ ಬ್ಯಾರಲ್‌ಗಿಂತ ಖಾಲಿ ಬ್ಯಾರಲ್ಲೇ ಡೇಂಜರ್, ತಳದಲ್ಲಿ ಒಂದು ಲೋಟ ಡೀಸೆಲ್ ಉಳಿದಿದ್ರೂ ಬಿಸಿಗೆ ಆವಿ ಎದ್ದು ಗಾಳಿ ಜೊತೆ ಸೇರಿ ಬಾಂಬ್ ಥರ ಹೊಡೆಯುತ್ತೆ, ಮುಚ್ಚಳ ಹಾರಿ ಶೀಟ್ ಛಾವಣಿ ತೂತು ಮಾಡಿರೋದನ್ನ ಕಣ್ಣಾರೆ ನೋಡಿದೀನಿ. ತೊಳೆದಿದೀನಿ, ವಾಸನೆ ಇಲ್ಲ ಅಂತ ನಂಬೋ ಹಾಗಿಲ್ಲ. ಹಸು ನೀರಿಗೆ ಪ್ಲಾಸ್ಟಿಕ್ ಡ್ರಮ್ಮೋ ಸಿಮೆಂಟ್ ತೊಟ್ಟಿಯೋ ಮಾಡು.

ಜಿಐ ಪೈಪ್ ಮಾಡ್ಬೋದು, ಆದ್ರೆ ಬೆಸೆಯೋ ಜಾಗದ ಎರಡೂ ಕಡೆ ಎರಡಿಂಚು ಸತು ಉಜ್ಜಿ ತೆಗಿ, ಗಾಳಿ ಆಡೋ ಜಾಗದಲ್ಲಿ ಕೂತ್ಕೊ, ಗಾಳಿ ಪಕ್ಕದಿಂದ ಬೀಸ್ಬೇಕು, ಹೊಗೆ ಹೆಲ್ಮೆಟ್ಟೊಳಗೆ ಬರ್ಬಾರ್ದು. ಬೆಳ್ಳಗೆ ಹೊಗೆ ಬಂತು ಅಂದ್ರೆ ಅದು ಸತು. ಅದನ್ನ ಕುಡಿದ್ರೆ ರಾತ್ರಿ ಮೈ ನಡುಗಿ ಜ್ವರ ಬರುತ್ತೆ, ಬಾಯೆಲ್ಲಾ ಲೋಹದ ರುಚಿ, ನಾನೇ ಹೊಸದ್ರಲ್ಲಿ ಫ್ಲೂ ಅಂದ್ಕೊಂಡು ಎರಡು ಸಲ ಮಲಗಿದ್ದೆ. ಹಾಲು ಕುಡಿದ್ರೆ ಏನೂ ಆಗಲ್ಲ ಅಂತ ಎಲ್ಲಾ ಶಾಪಲ್ಲೂ ಹೇಳ್ತಾರೆ, ಹಾಲು ಹೋಗೋದು ಹೊಟ್ಟೆಗೆ, ಹೊಗೆ ಹೋಗೋದು ಶ್ವಾಸಕೋಶಕ್ಕೆ.

ತಿಪಟೂರು ಅಂದ್ಯಲ್ಲ, ಮನೇಲಿ ಕೊಬ್ಬರಿ ಅಟ್ಟ ಇದ್ದೇ ಇರುತ್ತೆ. ವರ್ಷದ ಕಾಯಿ ಅಲ್ಲಿ ಒಣಗ್ತಾ ಇರುತ್ತೆ, ಕೆಳಗೆ ಸಿಪ್ಪೆ, ನಾರು. ಅದರ ಹತ್ರ ಸುತರಾಂ ವೆಲ್ಡಿಂಗ್ ಬೇಡ, ಹುಲ್ಲಿನ ಬಣವೆ ಹತ್ರಾನೂ ಬೇಡ. ಕಿಡಿ ಬಿದ್ದ ಕೂಡ್ಲೆ ಉರಿಯಲ್ಲ, ನಾರಿನೊಳಗೆ ಕೂತು ಹೊಗೆಯಾಡ್ತಾ ನೀನು ಊಟಕ್ಕೆ ಹೋದ್ಮೇಲೆ ಹತ್ಕೊಳುತ್ತೆ, ಅದಕ್ಕೆ ಕೆಲಸ ಮುಗಿದ ಮೇಲೆ ಅರ್ಧ ಗಂಟೆ ಅಲ್ಲೇ ಇರು, ಪಕ್ಕದಲ್ಲಿ ಒಂದು ಬಕೆಟ್ ಮರಳು ಇಟ್ಕೊ. ಟೆರಿಕಾಟ್ ಪ್ಯಾಂಟ್ ಬೇಡ, ಕರಗಿ ಚರ್ಮಕ್ಕೇ ಅಂಟ್ಕೊಳುತ್ತೆ, ತುಂಬುತೋಳಿನ ಕಾಟನ್ ಶರ್ಟು, ಲೆದರ್ ಗ್ಲೌಸು, ಶೂ. ಹವಾಯಿ ಚಪ್ಪಲೀಲಿ ಕೂತವರ ಬೆರಳ ಸಂದಿಗೆ ಕೆಂಡ ಬಿದ್ದಿದ್ದು ಲೆಕ್ಕ ಇಲ್ಲ. ಟ್ರ್ಯಾಕ್ಟರ್ ಮೇಲೇ ಬೆಸೆಯೋದಾದ್ರೆ ಬ್ಯಾಟರಿ ನೆಗೆಟಿವ್ ಮೊದ್ಲು ಬಿಚ್ಚು, ಅರ್ತ್ ಕ್ಲ್ಯಾಂಪ್ (ಮಿಷಿನ್ನಿನ ಇನ್ನೊಂದು ಕೇಬಲ್ ತುದೀಲಿರೋ, ಕಬ್ಬಿಣಕ್ಕೆ ಕಚ್ಚಿಸೋ ಕ್ಲಿಪ್ಪು) ಬೆಸೆಯೋ ಜಾಗದ ಪಕ್ಕದಲ್ಲೇ ಹಾಕು, ದೂರ ಹಾಕಿದ್ರೆ ಕರೆಂಟ್ ಬೇರಿಂಗ್ ಒಳಗಿಂದ ಹಾದು ಅದನ್ನ ತಿಂದುಹಾಕುತ್ತೆ.

ತೆಂಗಿನತೋಟ_ತಿಪಟೂರು

ಬ್ಯಾರಲ್ ಗುಜರಿಗೆ ಹಾಕ್ತೀನಿ ಅಣ್ಣ. ಮನೇಲಿ ಕೂತು ಮಾತಾಡಿದ್ವಿ, ಅಪ್ಪ ಈ ಸಲ ಕೊಬ್ಬರಿ ದುಡ್ಡು ಬಂದ್ಮೇಲೆ ಇನ್ವರ್ಟರ್ ಮಿಷಿನ್ನೇ ತಗೊಳೋಣ, ಜೊತೆಗೆ ಹೆಲ್ಮೆಟ್ ಎರಡು ಅಂದ್ರು. ಓವನ್ನಿಂದು ಡಬ್ಬ, ಅರ್ತಿಂಗ್ ಎಲ್ಲಾ ಹಾಕಿ ಕಲಿಯೋಕೆ ಅಂತ ಮುಗಿಸ್ತೀನಿ, ಆನ್ ಮಾಡೋ ಮುಂಚೆ ಫೋಟೋ ಹಾಕ್ತೀನಿ, ತಪ್ಪಿದ್ರೆ ಹೇಳಿ. ಆಮೇಲೆ ರಾಡ್ ಅಂಟ್ಕೊಂಡ್ರೆ ಏನ್ ಮಾಡೋದು, 40 ವೋಲ್ಟಲ್ಲಿ ಅಂಟುತ್ತೆ ಅಂದ್ರಲ್ಲ?

ವೈಂಡಿಂಗ್_ಅಂಗಡಿ_ಹುಬ್ಬಳ್ಳಿ

ಗಾಬರಿ ಆಗಿ ಜಗ್ಗಾಡಬ್ಯಾಡ ತಮ್ಮಾ, ಹೆಲ್ಮೆಟ್ ಎತ್ತಿ ನೋಡಾಕೂ ಹೋಗಬ್ಯಾಡ, ಆ ಹೊತ್ತಿಗೆ ಬಿಟ್ಟು ಬಂದ್ರ ಕಣ್ಣಿಗೆ ಆರ್ಕ್ ಹೊಡೀತೈತಿ. ಕೈ ಬಲಕ್ಕೊಮ್ಮೆ ಎಡಕ್ಕೊಮ್ಮೆ ತಿರುವು, ಬರಲಿಲ್ಲಂದ್ರ ಹೋಲ್ಡರಿನ ಹಿಡಿ ಅದುಮಿ ರಾಡನ್ನ ಅಲ್ಲೇ ಬಿಟ್ಟುಬಿಡು. ಅಂಟಿದ ರಾಡ್ ಅಂದ್ರ ಪೂರಾ ಶಾರ್ಟ್, ಹತ್ತು ಸೆಕೆಂಡ್ ಹಂಗ ಬಿಟ್ರ ನಿನ್ನ ಓವನ್ ಟ್ರಾನ್ಸ್‌ಫಾರ್ಮರ್ ಹೊಗಿ ಬಿಡ್ತೈತಿ. ಮಿಷಿನ್ ಆಫ್ ಮಾಡಿ, ಗ್ಲೌಸ್ ಹಾಕ್ಕೊಂಡು ಇಕ್ಕಳದಾಗ ತಗಿ, ತುದಿ ಕಲ್ಲಿಗೆ ಉಜ್ಜಿ ಮತ್ತ ಹಚ್ಚು. ರಾಡ್ ಬಿಸಲಾಗ ಒಣಗಿಸಿ ಇಡು, ಹಸಿ ರಾಡ್ ಭಾಳ ಅಂಟ್ತಾವು. ಫೋಟೋ ಹಾಕು, ಅರ್ತಿಂಗ್ ತಂತಿ ಎಲ್ಲಿ ಕಟ್ಟೀದಿ ಅನ್ನೋದು ಕಾಣಂಗ ಹಾಕು.